ನದಿಯ ಅಂಕೆಯಲ್ಲಿ ಹಡಗು: ಒಳನಾಡಿನ ಜಲಪ್ರವಾಸ ನಡೆಯುವ ಬಗೆ

ಒಳನಾಡಿನ ನದಿಗಳಲ್ಲಿ ಹಡಗೇರಿ ದಿನಗಟ್ಟಲೆ ಸಾಗುತ್ತ, ದಾರಿಯಲ್ಲಿ ಸಿಗುವ ದಡದ ಊರುಗಳಲ್ಲಿ ಇಳಿದು ಹತ್ತುವ ಪ್ರವಾಸವನ್ನು ಸಮುದ್ರಯಾನದ ಕಿರಿಯ ರೂಪವೆಂದು ತಿಳಿಯುವವರೇ ಹೆಚ್ಚು. ಹಡಗು ಚಿಕ್ಕದು, ಅಲೆಗಳ ಹೊಯ್ದಾಟವಿಲ್ಲ, ದಡ ಯಾವಾಗಲೂ ಕಣ್ಣಿಗೆ ಬೀಳುತ್ತಿರುತ್ತದೆ. ವ್ಯತ್ಯಾಸ ಇಷ್ಟೇ ಎಂಬುದು ಅವರ ಎಣಿಕೆ. ನಿಜದಲ್ಲಿ ಇವೆರಡೂ ಬೇರೆ ಬೇರೆ ಜಾತಿಯ ಪ್ರಯಾಣಗಳು. ಸಮುದ್ರದಲ್ಲಿ ಹಡಗಿನ ಗಾತ್ರ, ಹೋಗುವ ದಾರಿ, ತಲುಪುವ ವೇಳೆ ಈ ಮೂರನ್ನೂ ಬಹುಮಟ್ಟಿಗೆ ಹಡಗಿನ ಒಡೆಯರೇ ಗೊತ್ತುಮಾಡಬಹುದು. ನದಿಯಲ್ಲಿ ಹಾಗಲ್ಲ. ಅಲ್ಲಿ ನೀರಿನ ಆಳ, ಸೇತುವೆಗಳ ಎತ್ತರ, ಅಣೆಕಟ್ಟುಗಳ ಬಾಗಿಲಿನ ಅಗಲ ಹಾಗೂ ಹರಿವಿನ ಸೆಳೆತಗಳು ಸೇರಿ ಹಡಗಿಗೆ ಒಂದು ಆಕಾರವನ್ನೂ ಒಂದು ವೇಳಾಪಟ್ಟಿಯನ್ನೂ ಕೊಡುತ್ತವೆ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದೂ ಅವುಗಳಿಂದಲೇ ತೀರ್ಮಾನವಾಗುತ್ತದೆ. ಪ್ರವಾಸ ಸಂಸ್ಥೆಯವರು ಕೊಡುವ ಬಣ್ಣದ ಹೊತ್ತಗೆಯನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕಾದರೆ ಅದಕ್ಕೆ ಮೊದಲು ನದಿಯನ್ನು ಓದಲು ಕಲಿಯಬೇಕು.

ಮೊದಲು ಹಡಗಿನ ಆಕಾರವನ್ನೇ ನೋಡೋಣ. ಯುರೋಪಿನ ರೈನ್ ಮತ್ತು ಡ್ಯಾನ್ಯೂಬ್ ನದಿಗಳಲ್ಲಿ ಓಡಾಡುವ ದೊಡ್ಡ ಪ್ರವಾಸಿ ಹಡಗುಗಳು ಹೆಚ್ಚೆಂದರೆ 135 ಮೀಟರ್ ಉದ್ದ, ಸುಮಾರು 11.45 ಮೀಟರ್ ಅಗಲ ಇರುತ್ತವೆ. ಇಷ್ಟು ಉದ್ದಕ್ಕೆ ಇಷ್ಟು ಕಿರಿದಾದ ಅಗಲ ಏಕೆ ಎಂಬ ಪ್ರಶ್ನೆಗೆ ಉತ್ತರ ನದಿಯಲ್ಲಿರುವ ಲಾಕ್‌ಗಳಲ್ಲಿದೆ. ಎರಡು ನೀರಿನ ಮಟ್ಟಗಳ ನಡುವೆ ಹಡಗನ್ನು ಏರಿಸುವ ಅಥವಾ ಇಳಿಸುವ ಈ ಕಾಂಕ್ರೀಟ್ ಕೋಣೆಗಳು ರೈನ್‌ನ ಉಪನದಿ ಮೈನ್ ಮತ್ತು ಕಾಲುವೆಯೊಂದರ ಮೂಲಕ ಈ ಎರಡು ನದಿಗಳನ್ನು ಜೋಡಿಸುವ ಜಲಮಾರ್ಗದ ಬಹುಭಾಗದಲ್ಲಿ ಕೇವಲ 12 ಮೀಟರ್ ಅಗಲವಿವೆ. ಲೆಕ್ಕ ಹಾಕಿದರೆ ಹಡಗಿನ ಎರಡೂ ಪಕ್ಕಗಳಲ್ಲಿ ಉಳಿಯುವುದು ಒಂದೊಂದು ಗೇಣಿಗಿಂತ ತುಸು ಹೆಚ್ಚಿನ ಜಾಗ, ಅಂದರೆ ಸುಮಾರು 27 ಸೆಂಟಿಮೀಟರ್. ಕೋಣೆಯ ಬಾಲ್ಕನಿಯಲ್ಲಿ ನಿಂತವರು ಕೈ ಚಾಚಿದರೆ ಪಾಚಿಗಟ್ಟಿದ ಒದ್ದೆ ಗೋಡೆ ಬೆರಳಿಗೆ ತಾಗುತ್ತದೆ (ಹಾಗೆ ಚಾಚಬಾರದೆಂದು ಸಿಬ್ಬಂದಿ ಮೊದಲೇ ಎಚ್ಚರಿಸಿರುತ್ತಾರೆ). ಹರಿಯುವ ನೀರಿನಲ್ಲಿ, ಅಡ್ಡಗಾಳಿ ಬೀಸುತ್ತಿರುವಾಗ, ಸಾವಿರಾರು ಟನ್ನುಗಳ ಹಡಗನ್ನು ಈ ಸಂದಿಗೆ ತೂರಿಸುವುದು ಸೂಜಿಗೆ ದಾರ ಪೋಣಿಸುವಷ್ಟು ನಾಜೂಕಿನ ಕೆಲಸ. ಆ ಹೊತ್ತಿನಲ್ಲಿ ಕ್ಯಾಪ್ಟನ್ ಹಡಗಿನ ನಡುವಿನ ಕೋಣೆಯನ್ನು ಬಿಟ್ಟು ಪಕ್ಕದ ಅಂಚಿನಲ್ಲಿರುವ ಚಾಲನಾ ಹಲಗೆಯ ಮುಂದೆ ನಿಂತು, ಗೋಡೆಯನ್ನು ಕಣ್ಣಾರೆ ನೋಡುತ್ತ ಹಡಗನ್ನು ನಡೆಸುತ್ತಾನೆ.

ಎತ್ತರಕ್ಕೂ ಇಂಥದೇ ಮಿತಿ ಇದೆ. ಮೈನ್ ಮತ್ತು ಡ್ಯಾನ್ಯೂಬ್ ನದಿಗಳನ್ನು ಜೋಡಿಸುವ ಕಾಲುವೆಯ ಮೇಲಿನ ಸೇತುವೆಗಳು ನೀರಿನಿಂದ ಸುಮಾರು 6 ಮೀಟರ್ ಮಾತ್ರ ಎತ್ತರದಲ್ಲಿವೆ. ಆದ್ದರಿಂದ ನದಿ ಹಡಗುಗಳಲ್ಲಿ ಮೂರಕ್ಕಿಂತ ಹೆಚ್ಚು ಅಂತಸ್ತುಗಳು ಅಪರೂಪ. ಚಾಲಕನ ಕೋಣೆಯನ್ನೇ ಯಂತ್ರದ ಮೂಲಕ ಕೆಳಕ್ಕೆ ಇಳಿಸುವ ವ್ಯವಸ್ಥೆ ಇರುತ್ತದೆ, ಮೇಲಟ್ಟದ ಕಂಬಿಗಳನ್ನು ಮಡಚಿಡುತ್ತಾರೆ, ಸೇತುವೆಗಳು ಸಾಲಾಗಿ ಬರುವ ಕಡೆ ಮೇಲಟ್ಟಕ್ಕೆ ಹೋಗುವ ದಾರಿಯನ್ನೇ ಮುಚ್ಚುತ್ತಾರೆ. ಅಗತ್ಯ ಬಿದ್ದರೆ ಹಡಗಿನ ತಳದ ತೊಟ್ಟಿಗಳಿಗೆ ನೀರು ತುಂಬಿಕೊಂಡು ಹಡಗನ್ನು ಕೊಂಚ ತಗ್ಗಿಸುವುದೂ ಉಂಟು. ಅತಿ ಕೆಳಗಿನ ಅಂತಸ್ತಿನ ಕೋಣೆಗಳಿಗೆ ತೆರೆಯಲಾಗದ ಚಿಕ್ಕ ಕಿಟಕಿಗಳಿದ್ದು, ನೀರಿನ ಮಟ್ಟ ಅವುಗಳ ಕೆಳಗೇ ಇರುತ್ತದೆ. ಆ ಕೋಣೆಗಳಿಗೆ ಬೆಲೆ ಕಡಿಮೆ ಇರುವುದಕ್ಕೆ ಇದೇ ಕಾರಣ.

ಲಾಕ್ ಕೆಲಸ ಮಾಡುವ ಬಗೆ ಕೇಳಿದ ಕೂಡಲೇ ತಿಳಿಯುವಷ್ಟು ಸರಳ. ಕೋಣೆಯ ಎರಡು ತುದಿಗಳಲ್ಲೂ ಬಾಗಿಲುಗಳಿರುತ್ತವೆ. ಮೇಲಕ್ಕೆ ಹೋಗಬೇಕಾದ ಹಡಗು ಕೆಳಬಾಗಿಲಿನಿಂದ ಒಳಗೆ ಬಂದ ಮೇಲೆ ಆ ಬಾಗಿಲನ್ನು ಮುಚ್ಚಿ, ಮೇಲ್ಭಾಗದ ನೀರನ್ನು ತೂಬುಗಳ ಮೂಲಕ ಒಳಗೆ ಬಿಡುತ್ತಾರೆ. ಕೋಣೆಯ ನೀರು ಏರಿದಂತೆ ಹಡಗೂ ಏರಿ, ಎರಡೂ ಕಡೆಯ ಮಟ್ಟ ಸಮನಾದಾಗ ಮೇಲ್ಬಾಗಿಲು ತೆರೆಯುತ್ತದೆ. ಹಡಗನ್ನು ಎತ್ತುವುದಕ್ಕೆ ಯಾವ ಪಂಪೂ ಬೇಡ. ಇಳಿಜಾರಿನ ಕಡೆಗೆ ಹರಿಯುವ ನೀರಿನ ಸ್ವಭಾವವೇ ಸಾಕು. ಹೀಗೆ ಎರಡು ಬಾಗಿಲುಗಳ ನಡುವೆ ಹಡಗನ್ನು ಹಿಡಿದಿಡುವ ಲಾಕನ್ನು 984ರಲ್ಲಿ ಸಾಂಗ್ ವಂಶದ ಆಳ್ವಿಕೆಯ ಚೀನಾದಲ್ಲಿ ಕ್ವಿಯಾವೋ ವೈಯುವೆ ಎಂಬ ಅಧಿಕಾರಿ ಕಟ್ಟಿಸಿದನೆಂಬ ದಾಖಲೆಯಿದೆ. ಹಳೆಯ ಹಾಗೂ ಮಧ್ಯಮ ಗಾತ್ರದ ಲಾಕ್‌ಗಳ ಬಾಗಿಲಿನ ಎರಡು ರೆಕ್ಕೆಗಳು ಮುಚ್ಚಿದಾಗ ನೆಟ್ಟಗೆ ನಿಲ್ಲದೆ, ನೀರು ಹೆಚ್ಚಿರುವ ದಿಕ್ಕಿಗೆ ಮೂತಿ ಚಾಚಿ ಕೋನವಾಗಿ ನಿಲ್ಲುವುದನ್ನು ಗಮನಿಸಬೇಕು. ನೀರಿನ ಒತ್ತಡ ಹೆಚ್ಚಿದಷ್ಟೂ ಆ ರೆಕ್ಕೆಗಳು ಒಂದಕ್ಕೊಂದು ಬಿಗಿಯಾಗಿ ಒತ್ತಿಕೊಳ್ಳುತ್ತವೆ. ಚಿಲಕದ ಕೆಲಸವನ್ನು ನೀರೇ ಮಾಡುತ್ತದೆ.

ತೊಡಕಿರುವುದು ನೀರಿನ ಖರ್ಚಿನಲ್ಲಿ. 1992ರಲ್ಲಿ ಸಂಚಾರಕ್ಕೆ ತೆರೆದ, 171 ಕಿ.ಮೀ. ಉದ್ದದ ಮೈನ್-ಡ್ಯಾನ್ಯೂಬ್ ಕಾಲುವೆಯಲ್ಲಿ 16 ಲಾಕ್‌ಗಳಿವೆ. ಕಾಲುವೆಯ ನೆತ್ತಿಯ ಭಾಗ ಸಮುದ್ರಮಟ್ಟದಿಂದ 406 ಮೀಟರ್ ಎತ್ತರದಲ್ಲಿದೆ. ಅತಿ ಎತ್ತರದ ಲಾಕ್ ಒಂದೇ ಬಾರಿಗೆ ಹಡಗನ್ನು 24.67 ಮೀಟರ್ ಏರಿಸುತ್ತದೆ. 190 ಮೀಟರ್ ಉದ್ದ, 12 ಮೀಟರ್ ಅಗಲದ ಕೋಣೆ ಇಷ್ಟು ಎತ್ತರಕ್ಕೆ ತುಂಬಬೇಕಾದರೆ ಸುಮಾರು 56 ಸಾವಿರ ಘನ ಮೀಟರ್ ನೀರು ಬೇಕು. ಒಂದೊಂದು ಹಡಗಿಗೂ ಇಷ್ಟು ನೀರನ್ನು ಕೆಳಕ್ಕೆ ಬಿಟ್ಟರೆ ನೆತ್ತಿಯ ಭಾಗ ಬೇಗನೆ ಬರಿದಾಗುತ್ತದೆ. ಆದ್ದರಿಂದ ಪಕ್ಕದಲ್ಲಿ ಮೆಟ್ಟಿಲಿನಂತೆ ಕಟ್ಟಿದ ತೊಟ್ಟಿಗಳಲ್ಲಿ ಬಹುಪಾಲು ನೀರನ್ನು ಹಿಡಿದಿಟ್ಟುಕೊಂಡು ಮುಂದಿನ ಹಡಗಿಗೆ ಮತ್ತೆ ಬಳಸುತ್ತಾರೆ. ಕಡಿಮೆ ಬಿದ್ದದ್ದನ್ನು ಡ್ಯಾನ್ಯೂಬ್ ಕಡೆಯಿಂದ ಮೇಲಕ್ಕೆತ್ತುತ್ತಾರೆ. ಅತ್ತ ಚೀನಾದ ತ್ರೀ ಗಾರ್ಜಸ್ ಅಣೆಕಟ್ಟಿನಲ್ಲಿ ಐದು ಹಂತಗಳ ಲಾಕ್ ದಾಟಲು ಮೂರು ನಾಲ್ಕು ತಾಸು ಹಿಡಿಯುತ್ತದೆ. 2016ರಿಂದ ಅಲ್ಲಿ ಹಡಗನ್ನು ನೀರಿನ ತೊಟ್ಟಿಯ ಸಮೇತ ಗರಿಷ್ಠ 113 ಮೀಟರ್ ಎತ್ತುವ ಲಿಫ್ಟ್ ಕೂಡ ಕೆಲಸ ಮಾಡುತ್ತಿದೆ. ಪ್ರವಾಸದ ಪಟ್ಟಿಯಲ್ಲಿ ‘ರಾತ್ರಿ ಪ್ರಯಾಣ’ ಎಂದು ಒಂದೇ ಸಾಲಿನಲ್ಲಿ ಬರೆದಿರುವ ವೇಳೆಯ ಎಷ್ಟೋ ಪಾಲು ಹೀಗೆ ಲಾಕಿನ ಸರದಿಗಾಗಿ ಕಾಯುವುದರಲ್ಲಿ ಕಳೆಯುತ್ತದೆ. ಮಲಗಿದವರಿಗೆ ಹಡಗು ಮೆಲ್ಲನೆ ಗೋಡೆಗೆ ಉಜ್ಜಿದ ಸದ್ದು ಮಾತ್ರ ಕೇಳಿಸೀತು.

ಈ ಪ್ರವಾಸದ ಬಗ್ಗೆ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ನೀರಿನ ಮಟ್ಟದ ವಿಷಯದಲ್ಲಿ. ಅದನ್ನು ಒಂದೇ ಜಾಗದ ಉದಾಹರಣೆಯಿಂದ ವಿವರಿಸುವುದು ಸುಲಭ. ಜರ್ಮನಿಯಲ್ಲಿ ರೈನ್ ನದಿಯ ಬಲದಂಡೆಯ ಮೇಲೆ ಕೌಬ್ ಎಂಬ ಸಣ್ಣ ಊರಿದೆ. ಅಲ್ಲಿ ನದಿಯ ತಳ ಬಂಡೆಗಲ್ಲಿನದು, ಹರಿವು ಆಳವಿಲ್ಲದ್ದು. ಅಲ್ಲಿನ ಅಳತೆಗೋಲು ಎಷ್ಟು ತೋರಿಸುತ್ತದೆ ಎಂಬುದರ ಮೇಲೆ ಇಡೀ ಮಧ್ಯ ರೈನ್‌ನ ಸರಕು ಸಾಗಣೆ ನಿಂತಿದೆ. 2018ರ ಅಕ್ಟೋಬರ್‌ನಲ್ಲಿ ಆ ಗೋಲು 25 ಸೆಂಟಿಮೀಟರ್ ತೋರಿಸಿತು. ಆ ಸುದ್ದಿ ಓದಿದವರು ನದಿಯನ್ನು ಮೊಣಕಾಲು ನೀರಿನಲ್ಲಿ ನಡೆದೇ ದಾಟಬಹುದೆಂದು ಭಾವಿಸಿದರೆ ಅದು ತಪ್ಪು. ಅಳತೆಗೋಲಿನ ಸೊನ್ನೆ ಎಂಬುದು ನದಿಯ ತಳವಲ್ಲ. ಹಿಂದೆ ಎಂದೋ ಗೊತ್ತುಮಾಡಿದ ಒಂದು ಗುರುತು ಅಷ್ಟೆ. ಕೌಬ್‌ನಲ್ಲಿ ಗೋಲು ಸುಮಾರು 78 ಸೆಂಟಿಮೀಟರ್ ತೋರಿಸುವಾಗ ಹಡಗುದಾರಿಯಲ್ಲಿ ಸುಮಾರು 1.90 ಮೀಟರ್ ಆಳವಿರುತ್ತದೆ. ಆ ಲೆಕ್ಕದಂತೆ 25 ಸೆಂಟಿಮೀಟರಿಗೆ ಸಿಗುವ ಆಳ 1.37 ಮೀಟರ್. ಪ್ರವಾಸಿ ಹಡಗುಗಳ ತಳ ನೀರಿನಲ್ಲಿ ಸುಮಾರು ಒಂದೂವರೆ ಮೀಟರ್ ಮುಳುಗಿರುತ್ತದೆ. ತಳಕ್ಕೂ ಬಂಡೆಗೂ ನಡುವೆ ಸ್ವಲ್ಪ ಅಂತರವೂ ಬೇಕು. ಮುಂದಿನದನ್ನು ಹೇಳಬೇಕಾಗಿಲ್ಲ.

ಸರಕಿನ ದೋಣಿಗಳು ಇಂಥ ದಿನಗಳಲ್ಲಿ ಹೊರೆಯನ್ನು ಅರ್ಧಕ್ಕೋ ಕಾಲು ಭಾಗಕ್ಕೋ ಇಳಿಸಿ ಹೇಗೋ ದಾಟುತ್ತವೆ. ಪ್ರವಾಸಿ ಹಡಗಿಗೆ ಆ ಉಪಾಯವಿಲ್ಲ. ಅದರ ತೂಕದ ಬಹುಪಾಲು ಉಕ್ಕಿನದು, ಯಂತ್ರಗಳದು. ನೂರು ಜನರನ್ನು ಇಳಿಸಿದರೂ ಹಡಗು ಹೆಚ್ಚೇನೂ ಮೇಲೇಳುವುದಿಲ್ಲ. ನೀರು ಹೆಚ್ಚಾದರೂ ಕಷ್ಟವೇ. ಹಡಗುಗಳ ಅಲೆಯಿಂದ ದಡಗಳು ಕೊರೆಯದಿರಲೆಂದೂ, ಸೇತುವೆಗಳಿಗೆ ತಾಗದಿರಲೆಂದೂ ಪ್ರತಿಯೊಂದು ವಿಭಾಗಕ್ಕೂ ಮಿತಿ ಹಾಕಿರುತ್ತಾರೆ. ಕಲೋನ್ ನಗರದ ಗೋಲು 6.20 ಮೀಟರ್ ಮುಟ್ಟಿದರೆ ಹಡಗುಗಳು ವೇಗ ತಗ್ಗಿಸಿ ನದಿಯ ನಡುವೆಯೇ ಸಾಗಬೇಕು, 8.30 ಮೀಟರ್ ದಾಟಿದರೆ ಸಂಚಾರವೇ ನಿಲ್ಲುತ್ತದೆ. ಇಂಥ ಸಂದರ್ಭದಲ್ಲಿ ದೊಡ್ಡ ಸಂಸ್ಥೆಗಳು ಒಂದು ಹಡಗನ್ನು ತಡೆಯ ಈಚೆಗೂ ಅದರದೇ ಜೋಡಿ ಹಡಗನ್ನು ಆಚೆಗೂ ನಿಲ್ಲಿಸಿ, ಎರಡೂ ಕಡೆಯ ಪ್ರಯಾಣಿಕರನ್ನು ಬಸ್ಸಿನಲ್ಲಿ ಅದಲುಬದಲು ಮಾಡುತ್ತವೆ. ಒಂದೇ ನಕ್ಷೆಯ ಮೇಲೆ ಅವಳಿ ಹಡಗುಗಳನ್ನು ಕಟ್ಟಿಸುವುದರ ಲಾಭ ಆಗ ಕಾಣುತ್ತದೆ: ಅಲ್ಲಿ ಯಾವ ಸಂಖ್ಯೆಯ ಕೋಣೆಯಲ್ಲಿದ್ದರೋ ಇಲ್ಲೂ ಅದೇ ಸಂಖ್ಯೆಯ ಕೋಣೆ ಸಿದ್ಧವಿರುತ್ತದೆ. ಒಂದೇ ಹಡಗನ್ನು ನಡೆಸುವ ಸಣ್ಣ ಸಂಸ್ಥೆಗಳಿಗೆ ಈ ದಾರಿಯಿಲ್ಲ; ಅಲ್ಲಿ ಪ್ರವಾಸ ಬಸ್ ಪ್ರವಾಸವಾಗಿ ಬದಲಾಗುವುದೇ ಹೆಚ್ಚು.

ಇನ್ನು ಹರಿವಿನ ವಿಚಾರ. ನಿಂತ ನೀರಿನಲ್ಲಿ ಗಂಟೆಗೆ 12 ಕಿ.ಮೀ. ಸಾಗಬಲ್ಲ ಹಡಗೊಂದು ಗಂಟೆಗೆ 5 ಕಿ.ಮೀ. ವೇಗದಲ್ಲಿ ಹರಿಯುವ ನದಿಯಲ್ಲಿದೆ ಎಂದುಕೊಳ್ಳೋಣ. ಹರಿವಿನೊಂದಿಗೆ ಹೋದರೆ ಅದರ ನಿಜವಾದ ವೇಗ 17, ಎದುರು ಹೋದರೆ 7. ಹೀಗಾಗಿ 85 ಕಿ.ಮೀ. ದೂರದ ಊರನ್ನು ಇಳಿಮುಖವಾಗಿ 5 ಗಂಟೆಯಲ್ಲಿ ತಲುಪಿದರೆ, ಏರುಮುಖವಾಗಿ 12 ಗಂಟೆಗೂ ಹೆಚ್ಚು ಬೇಕು. ಒಂದೇ ದಾರಿಯ ಎರಡು ಪ್ರವಾಸಗಳಲ್ಲಿ ದಿನಗಳ ಸಂಖ್ಯೆ ಸಮನಾಗಿದ್ದರೆ, ಕೆಳಮುಖದ ಪ್ರವಾಸದಲ್ಲಿ ಊರುಗಳಲ್ಲಿ ಕಳೆಯಲು ಹೆಚ್ಚು ಹೊತ್ತು ಸಿಗುತ್ತದೆ. ಮೇಲ್ಮುಖದ ಪ್ರವಾಸದಲ್ಲಿ ದಡವನ್ನು ನಿಧಾನವಾಗಿ ನೋಡುವುದಕ್ಕೆ ಹೆಚ್ಚು ಅವಕಾಶ. ಯಾವುದು ಬೇಕೆಂಬುದು ಅವರವರ ಒಲವು. ನನಗಂತೂ ಎದುರು ಹೋಗುವ ಹಡಗೇ ಮೇಲೆನಿಸುತ್ತದೆ, ಏಕೆಂದರೆ ನದಿ ಇದ್ದಲ್ಲಿ ನದಿಯ ಮೇಲೆ ಇರುವುದೇ ಈ ಪ್ರಯಾಣದ ಉದ್ದೇಶ. ಇಳಿಮುಖವಾಗಿ ಬರುವ ಹಡಗು ಥಟ್ಟನೆ ನಿಲ್ಲಲಾರದಾದ್ದರಿಂದ ಎದುರಾಗುವಾಗ ಮೇಲ್ಮುಖದ ಹಡಗೇ ಅದಕ್ಕೆ ಸರಿಯಾದ ದಾರಿ ಬಿಟ್ಟುಕೊಡಬೇಕೆಂಬುದು ಯುರೋಪಿನ ಒಳನಾಡು ಸಂಚಾರದ ನಿಯಮ. ಬಲಪಕ್ಕಕ್ಕೆ ಬಲಪಕ್ಕ ಬರುವಂತೆ ಹಾದುಹೋಗಬೇಕಿದ್ದರೆ ಮೇಲ್ಮುಖದ ಹಡಗು ನೀಲಿ ಹಲಗೆಯೊಂದನ್ನು ಹೊರಹಾಕಿ ಬಿಳಿ ದೀಪ ಮಿನುಗಿಸುತ್ತದೆ.

ನೈಲ್ ನದಿಯಲ್ಲಿ ಈ ಲೆಕ್ಕಕ್ಕೆ ಗಾಳಿಯೂ ಸೇರಿಕೊಂಡಿದೆ. ನದಿ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ, ಗಾಳಿ ಬಹುಕಾಲ ಉತ್ತರದಿಂದ ದಕ್ಷಿಣಕ್ಕೆ ಬೀಸುತ್ತದೆ. ಹಾಯಿ ಬಿಚ್ಚಿದರೆ ಮೇಲಕ್ಕೆ, ಮಡಚಿದರೆ ಕೆಳಕ್ಕೆ ಹೋಗುವ ಈ ಅನುಕೂಲ ಪ್ರಾಚೀನ ಈಜಿಪ್ಟಿನವರ ಚಿತ್ರಲಿಪಿಯಲ್ಲೂ ಮೂಡಿದೆ: ದಕ್ಷಿಣಕ್ಕೆ ಹೋಗುವುದನ್ನು ಬರೆಯಲು ಹಾಯಿ ಬಿಚ್ಚಿದ ದೋಣಿಯ ಚಿತ್ರ, ಉತ್ತರಕ್ಕೆ ಹೋಗುವುದಕ್ಕೆ ಹಾಯಿಯಿಲ್ಲದ ದೋಣಿಯ ಚಿತ್ರ.

ಹಡಗು ನಿಲ್ಲುವ ಊರುಗಳೂ ಎಲ್ಲೆಂದರಲ್ಲಿ ಹುಟ್ಟಿದವಲ್ಲ. ನದಿ ತಿರುಗುವ ಕಡೆ ಹೊರಬದಿಯ ದಂಡೆಗೆ ನೀರು ರಭಸದಿಂದ ಬಡಿದು ಆಳವನ್ನು ಕೊರೆಯುತ್ತದೆ, ಒಳಬದಿಯಲ್ಲಿ ಮರಳು ನಿಲ್ಲುತ್ತದೆ. ದೋಣಿ ಕಟ್ಟಲು ಹೊರಬದಿಯೇ ಅನುಕೂಲವಾದ್ದರಿಂದ ಹಳೆಯ ಊರುಗಳ ಧಕ್ಕೆಗಳನ್ನು ಎಷ್ಟೋ ಕಡೆ ತಿರುವಿನ ಹೊರಬದಿಯಲ್ಲೇ ಕಾಣುತ್ತೇವೆ. ಎರಡು ನದಿಗಳು ಕೂಡುವ ಜಾಗ ಮತ್ತೊಂದು. ರೈನ್ ಮತ್ತು ಮೋಸೆಲ್ ಕೂಡುವಲ್ಲಿ ಕೋಬ್ಲೆಂಜ್, ಡ್ಯಾನ್ಯೂಬ್ ಮತ್ತು ಸಾವಾ ಕೂಡುವಲ್ಲಿ ಬೆಲ್‌ಗ್ರೇಡ್, ಡ್ಯಾನ್ಯೂಬ್, ಇನ್ ಹಾಗೂ ಇಲ್ಜ್ ಮೂರೂ ಸೇರುವಲ್ಲಿ ಪಸ್ಸಾವ್ ಬೆಳೆದಿವೆ. ದೊಡ್ಡ ದೋಣಿಗಳು ಮುಂದೆ ಹೋಗಲಾರದೆ ನಿಲ್ಲುವ ಜಾಗಗಳಲ್ಲೂ ಪಟ್ಟಣಗಳಾದವು. ನೈಲ್‌ನ ಮೊದಲ ಬಂಡೆಸಾಲಿನ ಬಳಿ ಇರುವ ಅಸ್ವಾನ್ ಅಂಥದು. ಲಕ್ಸರ್‌ನಿಂದ ಹೊರಡುವ ಹಡಗುಗಳು ಇಂದಿಗೂ ಅಲ್ಲಿಯೇ ಪ್ರಯಾಣ ಮುಗಿಸುತ್ತವೆ.

ಮೇಲೆ ಹೇಳಿದ ಕೌಬ್‌ಗೆ ಮರಳಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಆ ಊರಿನೆದುರು ನದಿಯ ನಡುವಿನ ಬಂಡೆಯ ಮೇಲೆ ಹಡಗಿನಂತೆಯೇ ಮೂತಿ ಚೂಪಾದ ಕೋಟೆಯೊಂದಿದೆ. ಫಾಲ್ಜ್‌ಗ್ರಾಫೆನ್‌ಸ್ಟೈನ್ ಎಂಬ ಆ ಕೋಟೆಯನ್ನು 14ನೇ ಶತಮಾನದಲ್ಲಿ ಕಟ್ಟಿಸಿದ್ದು ಸುಂಕ ವಸೂಲಿಗಾಗಿ. ದೋಣಿಗಳು ಇಕ್ಕಟ್ಟಾದ ಹಾದಿಯಲ್ಲಿ ಎಚ್ಚರದಿಂದ ಸಾಗಲೇಬೇಕಾದ ಕಡೆ ಸುಂಕದವನು ಕುಳಿತಿದ್ದ. 1814ರ ಹೊಸವರ್ಷದ ರಾತ್ರಿ ಪ್ರಷ್ಯಾದ ಸೇನಾಪತಿ ಬ್ಲೂಷರ್ ನೆಪೋಲಿಯನ್ನನ ಬೆನ್ನತ್ತಿ ಸೈನ್ಯವನ್ನು ದಾಟಿಸತೊಡಗಿದ್ದೂ ಇಲ್ಲಿಯೇ, ತೇಲುಸೇತುವೆ ಹಾಕಲು ಆ ನಡುಗಡ್ಡೆ ಆಸರೆಯಾಯಿತು. ಇಂದು ಹಡಗುಗಳನ್ನು ತಡೆಯುವ ಅದೇ ಬಂಡೆಗಲ್ಲಿನ ತಳವೇ ಹಿಂದೆ ಸುಂಕಕ್ಕೂ ಯುದ್ಧಕ್ಕೂ ಅನುವು ಮಾಡಿಕೊಟ್ಟಿತ್ತು. ನದಿಯುದ್ದಕ್ಕೂ ಹೆಜ್ಜೆಹೆಜ್ಜೆಗೆ ಸುಂಕ ಕಟ್ಟುವ ಕಾಲ ಮುಗಿಯತೊಡಗಿದ್ದು 1815ರ ವಿಯೆನ್ನಾ ಸಮ್ಮೇಳನ ರೈನ್ ಸಂಚಾರಕ್ಕಾಗಿ ಆಯೋಗವೊಂದನ್ನು ರಚಿಸಿದ ಮೇಲೆ. ಇಂದಿನ ಮುಕ್ತ ಸಂಚಾರಕ್ಕೆ ಆಧಾರ 1868ರ ಮಾನ್‌ಹೈಮ್ ಒಪ್ಪಂದ.

ಹಳೆಯ ನದಿಯೂರುಗಳ ಮುಖ ಇರುವುದು ನೀರಿನ ಕಡೆಗೆ. ಮಾರುಕಟ್ಟೆ, ಸುಂಕದ ಕಟ್ಟೆ, ದೇವಾಲಯ ಎಲ್ಲವೂ ಧಕ್ಕೆಯಿಂದ ನಡೆಯುವಷ್ಟು ದೂರದಲ್ಲಿವೆ. ವಿಮಾನದಲ್ಲೋ ರೈಲಿನಲ್ಲೋ ಬಂದವರು ಊರನ್ನು ಹಿತ್ತಲ ಕಡೆಯಿಂದ ಹೊಕ್ಕರೆ, ಹಡಗಿನಲ್ಲಿ ಬಂದವರು ಹೆಬ್ಬಾಗಿಲಿನಿಂದ ಹೋಗುತ್ತಾರೆ. ಈ ನಂಟಿನ ಬೆಲೆಯನ್ನೂ ಊರುಗಳು ತೆರುತ್ತವೆ. ಪಸ್ಸಾವ್‌ನ ಹಳೆಯ ಪುರಭವನದ ಗೋಡೆಯ ಮೇಲೆ ಒಂದೊಂದು ಪ್ರವಾಹ ಎಷ್ಟು ಎತ್ತರಕ್ಕೆ ಬಂದಿತ್ತೆಂಬ ಗುರುತುಗಳನ್ನು ಇಸವಿಯ ಸಮೇತ ಬರೆದಿದ್ದಾರೆ. 2013ರ ಜೂನ್‌ನಲ್ಲಿ ಅಲ್ಲಿ ಡ್ಯಾನ್ಯೂಬ್ 12.89 ಮೀಟರ್ ತಲುಪಿತು. 1501ರ ನಂತರ ಅಷ್ಟು ಎತ್ತರಕ್ಕೆ ನೀರು ಬಂದಿರಲಿಲ್ಲ. ಅಮೆಜಾನ್ ಕೊಳ್ಳದ ಮಾನೌಸ್‌ನಲ್ಲಿ ನದಿಯ ಮಟ್ಟ ಒಂದೇ ವರ್ಷದಲ್ಲಿ ಹತ್ತು ಮೀಟರ್‌ಗಳಷ್ಟು ಏರಿಳಿಯುವುದರಿಂದ ಧಕ್ಕೆಯನ್ನೇ ತೇಲುವಂತೆ ಕಟ್ಟಿದ್ದಾರೆ.

ಎಲ್ಲ ನದಿಯೂರುಗಳೂ ಹಳೆಯವೆಂದು ನಂಬುವುದೂ ಸಲ್ಲದು. ಯಾಂಗ್ಟ್ಸೆ ನದಿಯಲ್ಲಿ ಚಾಂಗ್‌ಚಿಂಗ್ ಮತ್ತು ಯೀಚಾಂಗ್ ನಡುವೆ ಸಾಗುವ ಹಡಗುಗಳಿಂದ ಕಾಣುವ ಹಲವು ಪಟ್ಟಣಗಳು ತ್ರೀ ಗಾರ್ಜಸ್ ಅಣೆಕಟ್ಟಿನ ನಂತರ ಬೆಟ್ಟದ ಮೇಲ್ಭಾಗದಲ್ಲಿ ಹೊಸದಾಗಿ ಎದ್ದವು. ಮೂಲ ಊರುಗಳು ನೀರಿನ ಅಡಿಯಲ್ಲಿವೆ. ಹತ್ತು ಲಕ್ಷಕ್ಕೂ ಹೆಚ್ಚು ಜನ ಅಲ್ಲಿಂದ ಎದ್ದು ಹೋಗಬೇಕಾಯಿತು. ಜಲಾಶಯದ ಮಟ್ಟವನ್ನು ಬೇಸಿಗೆಯಲ್ಲಿ ಪ್ರವಾಹಕ್ಕೆ ಜಾಗವಿರಲೆಂದು 145 ಮೀಟರಿಗೆ ಇಳಿಸಿ, ಚಳಿಗಾಲದಲ್ಲಿ 175 ಮೀಟರಿಗೆ ಏರಿಸುವುದರಿಂದ ಒಂದೇ ಕಣಿವೆ ಎರಡು ಕಾಲಗಳಲ್ಲಿ ಬೇರೆಯಾಗಿಯೇ ಕಾಣುತ್ತದೆ. ಡ್ಯಾನ್ಯೂಬ್‌ನ ಐರನ್ ಗೇಟ್ಸ್ ಕಮರಿಯಲ್ಲೂ ಹೀಗೆಯೇ ಆಯಿತು. 1972ರಲ್ಲಿ ಮುಗಿದ ಅಣೆಕಟ್ಟು ಅಪಾಯದ ಸುಳಿಗಳನ್ನು ಮುಳುಗಿಸಿ ಸಂಚಾರವನ್ನು ಸುಗಮಗೊಳಿಸಿತು. ಅದರೊಂದಿಗೆ, ತಲೆಮಾರುಗಳಿಂದ ತುರ್ಕಿ ಮೂಲದವರು ಬಾಳುತ್ತಿದ್ದ ಅಡಾ ಕಲೆ ದ್ವೀಪವೂ ಮುಳುಗಿತು.

ಹಡಗು ದಡ ಸೇರಿದಾಗ ಮತ್ತೊಂದು ಅಚ್ಚರಿ ಕಾದಿರುತ್ತದೆ. ಜನಪ್ರಿಯ ಊರುಗಳ ಧಕ್ಕೆಯಲ್ಲಿ ಜಾಗ ಕಡಿಮೆ, ಬರುವ ಹಡಗುಗಳು ಹೆಚ್ಚು. ಹೀಗಾಗಿ ಒಂದು ಹಡಗಿನ ಪಕ್ಕಕ್ಕೆ ಇನ್ನೊಂದನ್ನು, ಅದರ ಪಕ್ಕಕ್ಕೆ ಮತ್ತೊಂದನ್ನು ಹಗ್ಗದಿಂದ ಬಿಗಿಯುತ್ತಾರೆ. ಹೊರಗಿನ ಹಡಗಿನವರು ಒಳಗಿನ ಹಡಗುಗಳ ಮೇಲಟ್ಟವನ್ನೋ ಹಜಾರವನ್ನೋ ಹಾದು ದಡಕ್ಕೆ ಇಳಿಯಬೇಕು. ನದಿಯ ನೋಟಕ್ಕೆಂದು ಹೆಚ್ಚು ಹಣ ತೆತ್ತು ಪಡೆದ ಬಾಲ್ಕನಿಯ ಎದುರು ಪಕ್ಕದ ಹಡಗಿನ ಪರದೆ ಎಳೆದ ಕಿಟಕಿಯೇ ಕಾಣುವುದುಂಟು. ಕೆಲವು ಪಟ್ಟಿಗಳಲ್ಲಿ ಹೆಸರಿಸಿದ ನಗರ ಧಕ್ಕೆಯಿಂದ ಬಸ್ಸಿನಲ್ಲಿ ಗಂಟೆಗೂ ಹೆಚ್ಚು ದೂರವಿರುತ್ತದೆ. ಡ್ಯಾನ್ಯೂಬ್ ಪ್ರವಾಸದಲ್ಲಿ ಸೇರಿಸುವ ಪ್ರಾಗ್ ನಗರ ಆ ನದಿಯ ಮೇಲೆಯೇ ಇಲ್ಲ.

ಇಷ್ಟು ಹೊತ್ತು ಹೇಳಿದ್ದು ಕಟ್ಟುಪಾಡಿಗೆ ಒಳಗಾದ ನದಿಗಳ ಮಾತು. ಹೂಳು ತುಂಬಿ ದಾರಿ ಬದಲಿಸುವ ನದಿಗಳಲ್ಲಿ ಕಥೆಯೇ ಬೇರೆ. ಧುಬ್ರಿಯಿಂದ ಸದಿಯಾವರೆಗಿನ 891 ಕಿ.ಮೀ. ಬ್ರಹ್ಮಪುತ್ರವನ್ನು 1988ರಲ್ಲಿ ಭಾರತದ ಎರಡನೇ ರಾಷ್ಟ್ರೀಯ ಜಲಮಾರ್ಗವೆಂದು ಘೋಷಿಸಲಾಗಿದೆ. ಅಲ್ಲಿ ನದಿ ಹಲವು ಎಳೆಗಳಾಗಿ ಹರಡಿಕೊಂಡು, ಕಳೆದ ವರ್ಷದ ಆಳವಾದ ಎಳೆ ಈ ವರ್ಷ ಮರಳುದಿಬ್ಬವಾಗಿರುತ್ತದೆ. ನೀರಿಳಿದ ಕಾಲದಲ್ಲಿ ಬಿದಿರಿನ ತಟ್ಟಿಗಳನ್ನು ಓರೆಯಾಗಿ ನೆಟ್ಟು ಹರಿವನ್ನು ಒಂದೇ ಎಳೆಯ ಕಡೆಗೆ ತಿರುಗಿಸುತ್ತಾರೆ. ಒಟ್ಟಾದ ನೀರು ತನ್ನ ಹೂಳನ್ನು ತಾನೇ ಕೊಚ್ಚಿ ದಾರಿ ಮಾಡಿಕೊಳ್ಳುತ್ತದೆ. ಆ ಭಾಗದ ನೀರನ್ನು ಬಲ್ಲ ಸ್ಥಳೀಯ ಪೈಲಟ್ ಇಲ್ಲದೆ ಹಡಗು ಕದಲುವುದಿಲ್ಲ. ವಾರಾಣಸಿಯಿಂದ 2023ರ ಜನವರಿ 13ರಂದು ಹೊರಟು, ಬಾಂಗ್ಲಾದೇಶದ ಮೂಲಕ ಹಾದು, 51 ದಿನಗಳ ವೇಳಾಪಟ್ಟಿಯಲ್ಲಿ ದಿಬ್ರುಗಢದತ್ತ ಸುಮಾರು 3,200 ಕಿ.ಮೀ. ಸಾಗಿದ ಗಂಗಾ ವಿಲಾಸ್ ಹಡಗಿನ ಅಳತೆಗಳನ್ನು ರೈನ್ ಹಡಗಿನೊಂದಿಗೆ ಹೋಲಿಸಿದರೆ ನದಿಯ ಗುಣ ತಿಳಿಯುತ್ತದೆ: 62 ಮೀಟರ್ ಉದ್ದ, 12 ಮೀಟರ್ ಅಗಲ, ನೀರಿನಲ್ಲಿ ಮುಳುಗುವ ಆಳ 1.4 ಮೀಟರ್, ಪ್ರಯಾಣಿಕರು 36 ಮಾತ್ರ.

ಈ ಎಲ್ಲದರಿಂದ ಪ್ರಯಾಣಕ್ಕೆ ಹೊರಡುವವರು ಕೇಳಬೇಕಾದ ಪ್ರಶ್ನೆಗಳು ತಾವಾಗಿಯೇ ಹೊರಡುತ್ತವೆ. ಆ ತಿಂಗಳಲ್ಲಿ ನದಿಯಲ್ಲಿ ನೀರು ಹೆಚ್ಚುವ ಸಂಭವವಿದೆಯೇ, ಕಡಿಮೆಯಾಗುವ ಸಂಭವವಿದೆಯೇ? ಹಿಮ ಕರಗುವ ವಸಂತದಲ್ಲಿ ರೈನ್ ತುಂಬಿರುತ್ತದೆ, ಬೇಸಿಗೆಯ ಕೊನೆಯಿಂದ ಶರತ್ಕಾಲದವರೆಗೆ ಸೊರಗುತ್ತದೆ. ಸಂಸ್ಥೆಗೆ ಆ ನದಿಯಲ್ಲಿ ಒಂದೇ ಹಡಗಿದೆಯೇ, ಜೋಡಿ ಹಡಗುಗಳಿವೆಯೇ? ಪಟ್ಟಿಯಲ್ಲಿರುವ ಊರಿನ ಧಕ್ಕೆಗೇ ಹಡಗು ಹೋಗುತ್ತದೆಯೇ? ನೀರಿನ ಮಟ್ಟದಿಂದಾಗಿ ದಾರಿ ಬದಲಾದರೆ ಹಣ ಹಿಂತಿರುಗಿಸುವ ನಿಯಮವೇನು? ಬಹುತೇಕ ಒಪ್ಪಂದಗಳಲ್ಲಿ ಮಾರ್ಗವನ್ನು ಬದಲಿಸುವ ಹಕ್ಕನ್ನು ಸಂಸ್ಥೆಗಳು ತಮ್ಮಲ್ಲೇ ಉಳಿಸಿಕೊಂಡಿರುತ್ತವೆ; ಸಣ್ಣ ಅಕ್ಷರದ ಆ ಪುಟವನ್ನು ಹಣ ಕಟ್ಟುವ ಮೊದಲೇ ಓದಬೇಕು. ಹೊರಡುವ ವಾರದಲ್ಲಿ ನೀರಿನ ಮಟ್ಟವನ್ನು ತಾವೇ ನೋಡಿಕೊಳ್ಳುವುದೂ ಕಷ್ಟವಲ್ಲ. ಕೌಬ್, ಕಲೋನ್, ಪಸ್ಸಾವ್ ಮುಂತಾದ ಗೋಲುಗಳ ಅಂಕಿಗಳನ್ನು ಜರ್ಮನಿಯ ಜಲಮಾರ್ಗ ಇಲಾಖೆ ದಿನವೂ ಅಂತರ್ಜಾಲದಲ್ಲಿ ಪ್ರಕಟಿಸುತ್ತದೆ, ಅದನ್ನು ನೋಡಲು ಶುಲ್ಕವಿಲ್ಲ.